ದೇವರಿಲ್ಲದವಳ ಕ್ರಿಸ್‌ಮಸ್ ರಜೆ

ಆಸ್ಟ್ರೇಲಿಯಾದ ನಮ್ಮೂರಿನ ವೃದ್ಧಾಶ್ರಮದಲ್ಲಿ ಕ್ರಿಸ್‌ಮಸ್ ದಿನದ ಡ್ಯೂಟಿ ಎಂದರೆ ಲೊರೆಲ್, ಅಂದರೆ ನಾನು. ಬೇರೆ ಹೆಸರು ಯೋಚಿಸುವ ಕಷ್ಟವನ್ನೂ ಮ್ಯಾನೇಜರ್ ಗ್ಲೆನಿಸ್ ತೆಗೆದುಕೊಳ್ಳುವುದಿಲ್ಲ. ಸೇರಿದ ಹೊಸದರಲ್ಲಿ, ಟೀ ಕುಡಿಯುವಾಗ, ನಾನು ದೇವರನ್ನು ನಂಬುವುದಿಲ್ಲ ಎಂದು ಬಾಯಿಬಿಟ್ಟಿದ್ದೆ. ಅವತ್ತಿನಿಂದ ಎಲ್ಲರ ಹಬ್ಬಕ್ಕೂ ನಾನೇ ಕಾವಲು.

ಗ್ಲೆನಿಸ್ ಮಹಾ ಭಕ್ತೆ ಅಂದುಕೊಳ್ಳಬೇಡಿ. ಹೋದ ಕ್ರಿಸ್‌ಮಸ್‌ಗೆ ಅವಳು ಬಾಲಿಯ ಈಜುಕೊಳದಲ್ಲಿ ಬಿದ್ದುಕೊಂಡು, ಫೋಟೋ ಕಳಿಸಿ ನಮ್ಮ ಹೊಟ್ಟೆ ಉರಿಸಿದ್ದಳು. ನಮ್ಮಲ್ಲಿ ನಿಜವಾಗಿ ಚರ್ಚಿಗೆ ಹೋಗುವವಳು ಫಿಲಿಪ್ಪೀನ್ಸಿನ ಮರಿಸೆಲ್ ಒಬ್ಬಳೇ. ಪಾಪ, ಅವಳು ಹಿಂದಿನ ದಿನವೇ ಪೂಜೆ ಮುಗಿಸಿ ಹಬ್ಬದ ಬೆಳಗ್ಗೆ ನನ್ನ ಜೊತೆ ಮುದುಕರಿಗೆ ಸ್ನಾನ ಮಾಡಿಸುತ್ತಾಳೆ.

ಈ ವರ್ಷ ನಾನು ರಜೆ ಕೇಳಿದೆ. ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ಇದೇ ಅವನ ಕೊನೆಯ ಕ್ರಿಸ್‌ಮಸ್ ಎಂದು ಡಾಕ್ಟರು ಹೇಳಿಯಾಗಿತ್ತು. ನಮ್ಮ ಮನೆಯಲ್ಲಿ ಪ್ರಾರ್ಥನೆ ಇಲ್ಲ, ನಿಜ. ಆದರೆ ಮರ್ರೆ ನದಿ ದಂಡೆಯಲ್ಲಿ ಎಲ್ಲರೂ ಸೇರಿ, ಸಿಗಡಿ ಸುಲಿದು ತಿಂದು, ಕ್ರಿಕೆಟ್ ಆಡಿ, ಔಟೋ ಅಲ್ಲವೋ ಎಂದು ಕಿತ್ತಾಡದಿದ್ದರೆ ನಮಗೆ ಹಬ್ಬವಲ್ಲ. ಒಂದು ಸಲ ಅಪ್ಪನ ಪಕ್ಕ ಕೂರಬೇಕಿತ್ತು, ಅಷ್ಟೇ. ಎಲ್ಲವನ್ನೂ ಗ್ಲೆನಿಸ್‌ಗೆ ಬಿಡಿಸಿ ಹೇಳಿದೆ.

ಅವಳು ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ.

"ಮಾರನೇ ದಿನ ಊಟ ಮಾಡಿದ್ರಾಯ್ತಪ್ಪ. ನಿಂಗೆ ಹೆಂಗೂ ದೇವರಿಲ್ಲ. ಯಾವತ್ತಾದ್ರೇನು?"

ಮೈಯೆಲ್ಲ ಉರಿದುಹೋಯಿತು. ದೇವರಿಲ್ಲದವಳಿಗೆ ಅಪ್ಪನೂ ಇರುವುದಿಲ್ಲವೇ? ಬಟ್ಟೆ ಒಗೆಯುವ ಕೋಣೆಯಲ್ಲಿ ಬಕೆಟ್ಟುಗಳನ್ನು ಒದೆಯುತ್ತಿದ್ದ ನನ್ನನ್ನು ಮರಿಸೆಲ್ ಹಿಡಿದು ನಿಲ್ಲಿಸಿದಳು.

"ಹಬ್ಬದ ದಿನ ಚರ್ಚಿಗೆ ಹೋಗ್ಬೇಕು ಅಂತ ಹೇಳ್ಬಿಡು ಮಾರಾಯ್ತಿ. ಪಾಪ ಬಂದ್ರೆ ನನಗಿರ್ಲಿ."

ಮರುದಿನ ಹೇಳಿದೆ. ನಂಬಿಕೆ ಬಂದಿದೆ, ಹಬ್ಬದ ಬೆಳಗ್ಗೆ ಚರ್ಚಿಗೆ ಹೋಗಬೇಕು ಎಂದೆ. ಗ್ಲೆನಿಸ್ ಕುರ್ಚಿ ಬಿಟ್ಟು ಎದ್ದು ಬಂದಳು. ನನ್ನನ್ನು ಬಾಚಿ ತಬ್ಬಿಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು. ಅಲ್ಲೇ, ನನ್ನೆದುರಿಗೇ ಹಬ್ಬದ ಡ್ಯೂಟಿ ಪಟ್ಟಿಯಿಂದ ನನ್ನ ಹೆಸರು ತೆಗೆದುಹಾಕಿದಳು. ನಿನ್ನೆ ಅಪ್ಪ ಸಾಯುತ್ತಿದ್ದಾನೆ ಎಂದಾಗ ತಲೆಯೆತ್ತದವಳು! ಕಪಾಳಕ್ಕೆ ಬಾರಿಸಬೇಕೆನಿಸಿತು. ರಜೆ ಕೈತಪ್ಪೀತೆಂದು ಹಲ್ಲು ಕಚ್ಚಿ ಥ್ಯಾಂಕ್ಸ್ ಹೇಳಿದೆ.

ಹಬ್ಬದ ದಿನ ಅಪ್ಪ ನದಿಯ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದ. ನನ್ನನ್ನು ನೋಡಿ ಅವನಿಗೆ ಎಷ್ಟು ಖುಷಿಯಾಯಿತೆಂದರೆ ಕೆಮ್ಮು ಬಂದುಬಿಟ್ಟಿತು. ಉಸಿರು ಸುಧಾರಿಸಿಕೊಂಡು, ಈ ಸಲ ಹೇಗೆ ಬಿಟ್ಟರು ಎಂದು ಕೇಳಿದ. ದೇವರ ಹೆಸರಲ್ಲಿ ಸುಳ್ಳು ಹೇಳಿದೆ ಎಂದೆ. ನಗುತ್ತಾನೆ ಅಂದುಕೊಂಡಿದ್ದೆ.

ಅವನ ಕೈ ನಿಂತಿತು.

"ನಾನು ಸಾಯ್ತಿದೀನಿ ಅಂತ ಹೇಳ್ಲಿಲ್ವೇನಮ್ಮ?"

"ಹೇಳ್ದೆ ಅಪ್ಪ."

"ಸಾಕಾಗ್ಲಿಲ್ವಾ?"

"ಇಲ್ಲ."