ಬಿಳಿ ಮಾತ್ರೆ

ಮಳೆ ನಿಂತು, ನೆಲ ಇನ್ನೂ ಗಟ್ಟಿ ಹಿಡಿಯದ ನಡುವಿನ ದಿನಗಳಲ್ಲೇ ಈರುಳ್ಳಿ ಕಿತ್ತು ಮುಗಿಸಬೇಕು. ಆ ಬೆಳಿಗ್ಗೆಯೂ ಹೆಂಗಸರು ಹೊಲದಲ್ಲಿ ಸಾಲು ಹಿಡಿದಿದ್ದರು. ಮುಂದಿನವರು ಗಡ್ಡೆ ಕಿತ್ತು ಮಣ್ಣು ಕೊಡವಿ ಬಿಡುತ್ತಿದ್ದರು, ಹಿಂದಿನವರು ಸೊಪ್ಪು ಕೊಯ್ದು ರಾಶಿಗೆ ಎಸೆಯುತ್ತಿದ್ದರು. ಯಾರೂ ಕೂಲಿಗೆ ಬಂದವರಲ್ಲ. ಮುಯ್ಯಾಳು. ಇವತ್ತು ಈ ಹೊಲಕ್ಕೆ ಬಂದವಳ ಹೊಲಕ್ಕೆ ನಾಳೆ ಈ ಮನೆಯಿಂದ ಒಂದಾಳು ಹೋಗಬೇಕು.

ಆ ಹೊಲದವರ ಮನೆಯ ಸೊಸೆ ಬದುವಿನ ಮರದ ಕೆಳಗೆ ಕೂತಿದ್ದಳು. ಸೊಪ್ಪು ಕೊಯ್ಯಲೆಂದು ಗಂಡನೇ ಕುಡುಗೋಲು ಕೊಟ್ಟು ಕೂರಿಸಿಹೋಗಿದ್ದ. ಕುಡುಗೋಲು ಮಡಿಲಲ್ಲಿತ್ತು. ಕೈ ಏಳುತ್ತಿರಲಿಲ್ಲ.

ಹೋದ ವರ್ಷ ಇಷ್ಟೊತ್ತಿಗೆ ಅವಳ ಮುಖ ಉಬ್ಬತೊಡಗಿತ್ತು. ಹೊಟ್ಟೆ ದಪ್ಪವಾಯಿತು, ಕೈಕಾಲು ಮಾತ್ರ ಕಡ್ಡಿಯಾದವು. ಮುಟ್ಟಿದಲ್ಲೆಲ್ಲ ಚರ್ಮ ನೀಲಿಗಟ್ಟುತ್ತಿತ್ತು. ಗದ್ದದ ಮೇಲೆ ಕೂದಲು ಬಂತು, ಕಣ್ಣಿಂದ ನಿದ್ದೆ ಹೋಯಿತು. ಊರವರು "ಚೆನ್ನಾಗಿ ತಿಂದು ಮೈ ಬಂದಿದೆ" ಎಂದರು. ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಎದೆ ಡವಡವ ಹೊಡೆದುಕೊಂಡು, ಯೋಚನೆಗೆ ಮುಂಚೆ ಬಾಯಿ ಓಡುವ ಸಿಟ್ಟು. ಅತ್ತೆಗೆ ಎದುರು ಕೂಗಿದಳು. ಅದೇ ಬೀದಿಯ ಮೂಲೆಮನೆಯವಳ ಮೇಲೆ ತುಂಬಿದ ಬುಟ್ಟಿಯನ್ನೇ ಎಸೆದಳು.

ದೊಡ್ಡಾಸ್ಪತ್ರೆಯಲ್ಲಿ ಕಾರಣ ಸಿಕ್ಕಿತು. ಮೂತ್ರಪಿಂಡದ ನೆತ್ತಿಯ ಮೇಲಿರುವ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ. ಮೈಗೆ ಹನಿಯಷ್ಟು ಬೇಕಾದ ಹಾರ್ಮೋನನ್ನು ಅದು ಒಡೆದ ತೂಬಿನಂತೆ ಸುರಿಯುತ್ತಿತ್ತು. ಹಾಗಿರುವಾಗ ಕೊಯ್ದರೆ ಗಾಯ ಮಾಯುವುದಿಲ್ಲ, ಮೊದಲು ಮಾತ್ರೆಯಲ್ಲಿ ಹಾರ್ಮೋನು ಇಳಿಸಿ ಆಮೇಲೆ ಆಪರೇಷನ್ ಎಂದರು.

ಹೊರಡುವಾಗ ನರ್ಸು ಗಂಡನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು. "ಕೇಳಿಸ್ಕೊಳ್ಳಿ ಅಣ್ಣ. ಈ ಮಾತ್ರೆ ಹಾರ್ಮೋನ್ ಇಳಿಸತ್ತೆ. ಒಂದೊಂದ್ಸಲ ತೀರಾ ಇಳಿದುಬಿಡತ್ತೆ. ಅದೂ ಜೀವಕ್ಕೇ ಅಪಾಯ. ವಾಂತಿ, ತಲೆಸುತ್ತು, ಏಳೋಕಾಗದಷ್ಟು ಸುಸ್ತು ಬಂತೋ, ಅದನ್ನ ನಿಲ್ಸಿ ಈ ಬಿಳಿ ಮಾತ್ರೆ ಕೊಡಿ. ಕೊಟ್ಟು ಸೀದಾ ಇಲ್ಲಿಗೆ ಕರ್ಕೊಂಡು ಬನ್ನಿ."

"ಬಿಳೀದ್ರಲ್ಲಿ ಏನಿರತ್ತೆ?" ಎಂದು ಅವನು ಕೇಳಿದ.

"ಅದೇ ಹಾರ್ಮೋನ್ ಥರದ್ದೇ."

ಅವನು ತಲೆ ಅಲ್ಲಾಡಿಸಿದ. ಕೆಟ್ಟದ್ದು ಶುರುವಾಗಿದ್ದು ಅಲ್ಲೇ.

ಮಾತ್ರೆ ಹಿಡಿಯಿತು. ಕೆಲವೇ ವಾರಗಳಲ್ಲಿ ಮುಖ ಇಳಿಯಿತು, ಕೂಗಾಟ ನಿಂತಿತು. ಆಮೇಲೆ ಮಾತೂ ನಿಂತಿತು. ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಉಳಿಯತೊಡಗಿತು. ಮನೆಯವರಿಗೆ ಇದಕ್ಕಿಂತ ಸುಖ ಬೇಕಿರಲಿಲ್ಲ.

"ಈಗ ಮನೆ ಮನೆ ಥರ ಆಯ್ತು ನೋಡು," ಎಂದಳು ಅತ್ತೆ. "ಸೊಸೆ ಅಂದ್ರೆ ಹೀಗಿರ್ಬೇಕು."

ಈರುಳ್ಳಿ ಕೀಳುವ ಹಿಂದಿನ ಸಂಜೆ ಅವಳು ಎರಡು ಸಲ ವಾಂತಿ ಮಾಡಿಕೊಂಡಳು. ಗೋಡೆ ಹಿಡಿದು ಬಂದು ಗಂಡನ ಮುಂದೆ ಕುಸಿದು ಕೂತಳು.

"ರೀ, ಆ ಬಿಳಿ ಮಾತ್ರೆ ಕೊಡಿ."

"ಯಾಕೆ? ಚೆನ್ನಾಗೇ ಇದ್ದೀಯಲ್ಲ."

"ಚೆನ್ನಾಗಿಲ್ಲ. ನರ್ಸು ಹೇಳಿದ್ದು ಇದೇ."

ಅವನು ಅಮ್ಮನ ಮುಖ ನೋಡಿದ. ಅತ್ತೆ ಮೊರದಲ್ಲಿದ್ದ ಕಾಳಿನಿಂದ ಕಣ್ಣು ಎತ್ತಲಿಲ್ಲ. "ಆ ಹಾಳು ಹಾರ್ಮೋನು ಇಳಿಸೋಕೆ ಇಷ್ಟು ಒದ್ದಾಡಿದ್ದೀವಿ. ಮತ್ತೆ ಅದನ್ನೇ ಬಾಯಿಗೆ ಹಾಕೋದಾ? ನಾಳೆ ನನ್ನ ಮೇಲೆ ಬುಟ್ಟಿ ಬೀಳಲಿ ಅಂತಾನಾ?"

"ಒಂದಿನ ನೋಡೋಣ ಬಿಡು," ಎಂದ ಗಂಡ. "ಉಷ್ಣ ಆಗಿರ್ಬೇಕು."

ಅವಳಿಗೆ ಕಿರುಚಬೇಕೆನಿಸಿತು. ಕಿರುಚಲು ಬೇಕಾದ ಉಸಿರು ಎಲ್ಲೋ ಕೆಳಗೆ, ಕೈಗೆಟುಕದಂತೆ ಉಳಿಯಿತು. ಸಿಟ್ಟು ಇತ್ತು, ಅದನ್ನು ಹೊರಲು ಮೈ ಇರಲಿಲ್ಲ. ಬೆಳಿಗ್ಗೆ ಎಂದಿನ ಮಾತ್ರೆಯನ್ನು ಅವನೇ ನೀರಿನ ಜೊತೆ ತಂದ. ಅವಳು ತಲೆ ಆಡಿಸಿದಳು, ಬಾಯಿ ಬಿಗಿಹಿಡಿದಳು. ಅವನು ಗಲ್ಲ ಒತ್ತಿ ನುಂಗಿಸಿದ.

ಈಗ ಮರದ ಕೆಳಗೆ ಹೊಲ ಓರೆಯಾಗಿ ಕಾಣುತ್ತಿತ್ತು. ನೀರಿಗೆಂದು ಬಂದ ಮೂಲೆಮನೆಯವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಮ್ಮಾ ಮಹಾರಾಣಿ, ನೆರಳಲ್ಲೇ ದರ್ಬಾರೋ? ನಾಳೆ ನನ್ನ ಹೊಲಕ್ಕೂ ಹೀಗೇ ಪಲ್ಲಕ್ಕೀಲಿ ಬರ್ತೀಯೋ?"

ಸೊಸೆಯ ಮಡಿಲಿಂದ ಕುಡುಗೋಲು ಜಾರಿ ಬಿತ್ತು.

"ನಿನ್ನೇ ಕಣೇ. ಬಾಯಿಗೆ ಬೀಗ ಬಿತ್ತಾ? ಬೈಯಿ ಒಂದ್ಸಲ."

ಸೊಸೆ ಕಣ್ಣೆತ್ತಿದಳು. ಬಯ್ಗುಳ ಬರಲಿಲ್ಲ. ಮೂಲೆಮನೆಯವಳ ನಗು ಅಲ್ಲೇ ಸತ್ತಿತು. ಕೂತು ಹಣೆ ಮುಟ್ಟಿದಳು. ಹಣೆ ತಣ್ಣಗೆ ಬೆವೆತಿತ್ತು.

"ಏನಯ್ಯಾ, ಬಾ ಇಲ್ಲಿ!" ಎಂದು ಹೊಲದಾಚೆಗೆ ಕೇಳುವಂತೆ ಕೂಗಿದಳು. "ನಿನ್ನ ಹೆಂಡ್ತಿ ನನಗೆ ಬೈತಿಲ್ಲ! ಏನು ಮಾಡಿದ್ದೀರಿ ಇವಳಿಗೆ?"

ಅವನು ಮೂಟೆ ಬಿಟ್ಟು ಬಂದ. "ಸುಸ್ತು ಅಕ್ಕ, ಅಷ್ಟೇ."

"ಬಿಳಿ ಮಾತ್ರೆ," ಎಂದಳು ಸೊಸೆ. ತುಟಿ ಮಾತ್ರ ಅಲ್ಲಾಡಿತು.

"ಯಾವ ಮಾತ್ರೆ? ಎಲ್ಲಿದೆ?"

"ಅದು... ಅಟ್ಟದ ಮೇಲಿಟ್ಟಿದ್ದೀನಿ," ಎಂದ ಗಂಡ.

"ಅಟ್ಟದ ಮೇಲೆ ಏನು, ಮೊಟ್ಟೆ ಇಡ್ತಿತ್ತಾ ಅದು? ಓಡು!"

ಅವನು ಓಡಿದ. ಹೆಂಗಸರು ಬದುವಿಗೆ ನಿಂತಿದ್ದ ಟ್ರಾಕ್ಟರಿನಿಂದ ಈರುಳ್ಳಿ ಮೂಟೆಗಳನ್ನು ಕೆಳಗೆ ತಳ್ಳಿ ಅವಳನ್ನು ಮಲಗಿಸಿದರು. ಅವನು ಮಾತ್ರೆ ತಂದಾಗ ಅದನ್ನು ನುಂಗುವಷ್ಟು ಎಚ್ಚರ ಹೇಗೋ ಉಳಿದಿತ್ತು. ದಾರಿಯುದ್ದಕ್ಕೂ ಮೂಲೆಮನೆಯವಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿದ್ದೆ ಹೋಗದಂತೆ ಹಳೇ ಜಗಳಗಳನ್ನೆಲ್ಲ ನೆನಪಿಸುತ್ತ ಕೂತಳು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಡ್ರಿಪ್ ಹಾಕಿದರು. ಅವಳು ಮಂಚದ ಮೇಲಿಂದ ಎಲ್ಲ ಕೇಳಿಸಿಕೊಂಡಳು. ಡಾಕ್ಟರು ಗಂಡನಿಗೆ, "ಇವರು ಕೇಳಿದಾಗ್ಲೇ ಕೊಟ್ಟಿದ್ರೆ ಇದ್ಯಾವುದೂ ಬೇಕಿರ್ಲಿಲ್ಲ," ಎಂದರು. ಗಂಡ ತನ್ನ ಕಾಲಿನ ಮಣ್ಣು ನೋಡುತ್ತ ನಿಂತಿದ್ದ. ಮಾತ್ರೆಯ ಅಳತೆ ಬದಲಿಸಿ, ಆಪರೇಷನ್ನಿಗೆ ಹಾಸಿಗೆ ಗೊತ್ತುಮಾಡಿ, ಅಲ್ಲಿಯತನಕ ಮನೆಯಲ್ಲಿರಿ ಎಂದು ಕಳಿಸಿದರು.

ಮನೆಗೆ ಬಂದ ಮಾರನೇ ದಿನ ಅತ್ತೆ ಬಾಗಿಲಲ್ಲಿ ನಿಂತು, "ಏನೋ ಗೊತ್ತಾಗ್ಲಿಲ್ಲಮ್ಮ, ಆಗಿದ್ದಾಯ್ತು," ಎಂದಳು.

"ಗೊತ್ತಿತ್ತು," ಎಂದಳು ಸೊಸೆ. "ನಾನೇ ಹೇಳಿದ್ದೆ. ನಾನು ಸುಮ್ಮನಿರೋದು ಬೇಕಿತ್ತು ನಿಮಗೆ. ಸತ್ತು ಸುಮ್ಮನಾದ್ರೂ ನಡೀತಿತ್ತು."

"ನೋಡೋ, ಮತ್ತೆ ಶುರುವಾಯ್ತು! ಮಾತ್ರೆ ಕಮ್ಮಿ ಆಯ್ತೇನೋ ಇವಳಿಗೆ," ಎಂದು ಅತ್ತೆ ಮಗನ ಕಡೆ ತಿರುಗಿದಳು.

ಸೊಸೆ ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಎದೆ ನಿಧಾನಕ್ಕೆ ಬಡಿಯುತ್ತಿತ್ತು. ಹೇಳಬೇಕಾದ ಮಾತು ಒಂದೊಂದೂ ತನ್ನ ಜಾಗದಲ್ಲಿತ್ತು.

"ಮಾತ್ರೆ ಸರಿಯಾಗಿದೆ ಅತ್ತೆ. ಇದು ಗಡ್ಡೆ ಸಿಟ್ಟಲ್ಲ, ನಂದು. ಇಳಿಯಲ್ಲ."

ಆಮೇಲೆ ಗಂಡನಿಗೆ, "ಮೂಲೆಮನೆಗೆ ಒಂದಾಳು ಬಾಕಿ ಇದೆ. ನೀವು ಹೋಗಿ," ಎಂದಳು.

"ಹೆಂಗಸರ ಸಾಲಿಗಾ?"

"ಹೂಂ."

ಅವನು ಹೋದ. ಮೂಲೆಮನೆಯವಳು ಅವನನ್ನು ಸಾಲಿನ ನಟ್ಟನಡುವೆ ಕೂರಿಸಿದಳು. ಹೆಂಗಸರು ಅವನ ಮುಖದ ಮೇಲೆಯೇ ನಕ್ಕರು. ಕತ್ತಲಾಗುವ ಮುಂಚೆ ಸೊಂಟ ಹಿಡಿದುಕೊಂಡು ಮನೆಗೆ ಬಂದವನು, ಹೆಂಡತಿಯ ಪಕ್ಕ ಹಗುರವಾಗಿ ಕೂತು, "ಮುಯ್ಯಿ ತೀರಿತು," ಎಂದ.

"ಅವಳದ್ದು ತೀರಿತು," ಎಂದಳು ಅವಳು.

ಅವನು ಏನಾದರೂ ಹೇಳಬಹುದೆಂದು ಕಾದಳು. ಅವನು ಉಗುರಿನ ಮಣ್ಣು ತೆಗೆಯುತ್ತ ಕೂತ. ಒಳಗಿಂದ ಅತ್ತೆ ಊಟಕ್ಕೆ ಕರೆದಳು. ಅವನು ಎದ್ದು ಹೋದ.