ದೇವರಿಗೆ ಲಿಫ್ಟ್, ಊರಿಗೆ ಧೂಳು

ಚಾಮರಾಜಪೇಟೆಯ ಸಿದ್ದಬಸಪ್ಪನವರ ಮನೆಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಜಗಳ ಒಂದಿದೆ. ಮನೆದೇವರಿಗೆ ಹೋಗುವುದು ಯಾವಾಗ? ವೀರಭದ್ರಸ್ವಾಮಿ ಇರುವುದು ದೂರದ ಜಿಲ್ಲೆಯಲ್ಲಿ, ಹಾಲುಗಲ್ಲು ಗುಡ್ಡದ ತುದಿಯಲ್ಲಿ. ಹೆಂಡತಿ ವಿಶಾಲಾಕ್ಷಮ್ಮನಿಗೆ ಮಂಡಿ ನೋವು. ಮಗ ಕೇದಾರನಿಗೆ ರಜೆ ಸಿಗದು. ಮೊಮ್ಮಗಳು ಸಾನ್ವಿಗೆ ಅಲ್ಲಿನ ಶೌಚಾಲಯ ಆಗದು. ಭಕ್ತಿಗೇನೂ ಕೊರತೆಯಿಲ್ಲ, ತಕರಾರೆಲ್ಲ ಮೆಟ್ಟಿಲುಗಳದ್ದು.

ಈ ವರ್ಷ ದೇವರೇ ಬೆಂಗಳೂರಿಗೆ ಬರುವ ಮಾತು ಹುಟ್ಟಿತು. ಗುಡ್ಡದಲ್ಲಿ ಕಬ್ಬಿಣದ ಅದಿರು ತೆಗೆಯಲು ಒಂದು ಕಂಪನಿ ಹೊರಟಿತ್ತು. ಬಂಡವಾಳ ಹಾಕುವವರು ಹೊರದೇಶದವರು. ಕಂಪನಿಯ ಕಡೆಯವರು ಮೈಸೂರುಪಾಕಿನ ಡಬ್ಬಿ ಹಿಡಿದು ಸಿದ್ದಬಸಪ್ಪನವರ ಜವಳಿ ಅಂಗಡಿಗೇ ಬಂದರು. ಬೆಂಗಳೂರಿನಲ್ಲಿರುವ ಈ ದೇವರ ಒಕ್ಕಲು ಕುಟುಂಬಗಳ ಸಮಿತಿಗೆ ಇವರೇ ಅಧ್ಯಕ್ಷರು. ಕನಕಪುರ ರಸ್ತೆಯಲ್ಲಿ ಹೊಸ ದೇವಸ್ಥಾನ ಕಟ್ಟಿಕೊಡುತ್ತೇವೆ, ಅಮೃತಶಿಲೆಯ ನೆಲ, ಲಿಫ್ಟ್, ಪಾರ್ಕಿಂಗ್ ಎಲ್ಲ ಇರುತ್ತದೆ ಎಂದರು. ದೇವರನ್ನು ಸ್ಥಳಾಂತರಿಸಲು ಒಕ್ಕಲಿನವರ ಆಕ್ಷೇಪಣೆ ಇಲ್ಲ ಎಂದು ಒಂದು ಪತ್ರ ಕೊಟ್ಟರೆ ಸಾಕು. ಒಂದು ಗಜ ಬಟ್ಟೆ ಕೊಳ್ಳುವಾಗಲೂ ಅಂಚು ಹಿಡಿದೆಳೆದು ನೋಡುವ ಸಿದ್ದಬಸಪ್ಪನವರು, ಕಾಫಿ ಆರುವುದರೊಳಗೆ ಸಹಿ ಹಾಕಿಬಿಟ್ಟರು.

ಸಂಜೆ ಈ ಸಂತೋಷವನ್ನು ಪಕ್ಕದ ಮನೆಯ ವಕೀಲೆ ಯಮುನಾಗೆ ಹೇಳಿದರು.

“ಅಂಕಲ್, ಗುಡ್ಡದ ಕೆಳಗಿನ ಊರೋರನ್ನ ಕೇಳಿದ್ರಾ?”

“ಅವ್ರನ್ನ್ಯಾಕಮ್ಮಾ ಕೇಳ್ಬೇಕು? ದೇವ್ರು ನಮ್ದಲ್ವಾ?”

“ಅವ್ರು ಕುಡಿಯೋ ನೀರು ಎಲ್ಲಿಂದ ಬರುತ್ತೆ?”

ಸಿದ್ದಬಸಪ್ಪನವರಿಗೆ ಗೊತ್ತಿತ್ತು. ಗುಡ್ಡದ ಬಂಡೆಗಳ ಸಂದಿನಿಂದ ವರ್ಷವಿಡೀ ಜಿನುಗುವ ನೀರೇ ಊರಿನ ತೊಟ್ಟಿಗೆ ಇಳಿಯುತ್ತದೆ. ಆದರೂ ಬಿಟ್ಟುಕೊಡಲಿಲ್ಲ.

“ಅದು ಫಾರಿನ್ ಕಂಪ್ನಿ ಕಣಮ್ಮಾ. ನಮ್ಮೋರ ಥರ ಅಲ್ಲ, ಎಲ್ಲಾ ರೂಲ್ಸ್ ಪ್ರಕಾರ ಮಾಡ್ತಾರೆ. ದೇಶಕ್ಕೆ ದುಡ್ಡು ಬರೋದು ಬೇಡ್ವಾ?”

“ಬರ್ಲಿ ಅಂಕಲ್. ಹೊರಗಿನ ದುಡ್ಡು ಅಂದ್ರೇನೇ ತಪ್ಪು ಅಂತ ನಾನು ಹೇಳ್ತಿಲ್ಲ. ದುಡ್ಡು ಹಾಕಿದೋರು ಲಾಭ ನೋಡ್ಕೋತಾರೆ. ನೀರು ಯಾರು ನೋಡ್ಕೋಬೇಕು? ರೂಲ್ಸ್ ಅಂದ್ರಲ್ಲ, ಇಂಥ ಗಣಿಗೆ ಒಪ್ಪಿಗೆ ಕೊಡೋಕೆ ಮುಂಚೆ ಅಲ್ಲೇ ಸಾರ್ವಜನಿಕ ಅಹವಾಲು ಸಭೆ ನಡೀಬೇಕು. ಮೂವತ್ತು ದಿನ ಮೊದ್ಲೇ ಪೇಪರಲ್ಲಿ ಹಾಕ್ಬೇಕು. ನೀರಿಗೆ, ಗಾಳಿಗೆ ಏನಾಗುತ್ತೆ ಅನ್ನೋ ವರದಿಯ ಸಾರಾಂಶ ಕನ್ನಡದಲ್ಲಿ ಕೊಡ್ಬೇಕು. ಓದಿದ್ರಾ?”

“ಅವ್ರು ದೇವಸ್ಥಾನದ ಫೋಟೋ ತೋರ್ಸಿದ್ರು.”

“ನಿಮ್ಮ ಪತ್ರ ತಗೊಂಡಿದ್ದು ಆ ಸಭೆಲಿ ತೋರ್ಸೋಕೆ.”

“ನಿಮ್ಮಂಥ ಲಾಯರುಗಳಿಗೆ ಎಲ್ಲದ್ರಲ್ಲೂ ಕೊಂಕು!” ಎಂದು ಸಿದ್ದಬಸಪ್ಪನವರು ಒಳಗೆ ಹೋಗಿ ಟಿವಿ ಹಾಕಿಕೊಂಡರು.

ಕೆಲವು ದಿನ ಕಳೆದ ಮೇಲೆ ಗುಡ್ಡದ ಪೂಜಾರಿ ಈಶ್ವರ್ ಫೋನ್ ಮಾಡಿದ. ಮನೆಯವರೆಲ್ಲ ಊಟಕ್ಕೆ ಕೂತಿದ್ದರು, ಸ್ಪೀಕರಿನಲ್ಲಿ ಮಾತು ಎಲ್ಲರಿಗೂ ಕೇಳುತ್ತಿತ್ತು.

“ಯಜಮಾನ್ರೇ, ನಿಮ್ ಕಾಗದಾನ ಕಂಪ್ನಿಯೋರು ಮನೆಮನೆಗೆ ಹಂಚ್ಯಾರೆ. ಒಕ್ಕಲೋರೇ ಒಪ್ಪಿದ್ಮ್ಯಾಲೆ ನಿಮ್ದೇನು ಅಂತಾರೆ.”

“ನಿಂಗೂ ಇಲ್ಲೇ ಪೂಜೆ ಕೆಲ್ಸ ಕೊಡಿಸ್ತೀನಿ ಈಶ್ವರ್, ಯೋಚ್ನೆ ಮಾಡ್ಬೇಡ.”

ಈಶ್ವರ್ ದನಿ ಏರಿಸಿದ.

“ದೇವ್ರನ್ನ ಕರ್ಕಂಡು ಹೋಗ್ರಿ. ನನ್ನೂ ಕರ್ಕಂಡು ಹೋಗ್ರಿ. ಊರ ಜನ ಏನು ಕುಡೀಬೇಕು ಅದನ್ನೊಂದು ಹೇಳ್ರಿ.”

ವಿಶಾಲಾಕ್ಷಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. “ನನ್ ಮಂಡಿ ನೋವಿನ ಹೆಸರಲ್ಲಿ ಒಂದು ಊರಿನ ನೀರು ಕೊಟ್ಬಿಟ್ರಾ? ನನ್ನ ಒಂದು ಮಾತು ಕೇಳಿದ್ರಾ ನೀವು? ಇವತ್ತೇ ಆ ಪತ್ರ ವಾಪಸ್ ತಗೊಳ್ಳಿ.”

ಸಿದ್ದಬಸಪ್ಪನವರಿಗೆ ತುಂಬಾ ನಾಚಿಕೆಯಾಯಿತು. ಯಮುನಾಳ ಮನೆ ಬಾಗಿಲು ತಟ್ಟಿದರು. ಆಕೆ ಪತ್ರ ಹಿಂಪಡೆಯುವ ಅರ್ಜಿ ಬರೆದುಕೊಟ್ಟಳು. ಅದು ಜಿಲ್ಲಾಧಿಕಾರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಹೋಯಿತು. ಎಂದೂ ಸಿಗದ ರಜೆ ಅಹವಾಲು ಸಭೆಯ ದಿನ ಕೇದಾರನಿಗೂ ಸಿಕ್ಕಿತು.

ಗುಡ್ಡದ ಕೆಳಗಿನ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಸಿದ್ದಬಸಪ್ಪನವರು ಮೈಕ್ ಹಿಡಿದು ಹೇಳಿದರು: “ಆ ಸಹಿ ನಂದೇ. ಊರೋರನ್ನ ಕೇಳ್ದೆ ಹಾಕಿದೆ, ತಪ್ಪು ಮಾಡ್ದೆ. ವಾಪಸ್ ತಗೋತಿದೀನಿ, ಬರ್ಕೊಳಿ ಸ್ವಾಮಿ.” ಅಧಿಕಾರಿಗಳು ಬರೆದುಕೊಂಡರು. ಚಪ್ಪಾಳೆಯೇನೂ ಬೀಳಲಿಲ್ಲ. ಶಾಮಿಯಾನದ ಅರ್ಧದಷ್ಟು ಕುರ್ಚಿಗಳು ಖಾಲಿ ಇದ್ದವು.

ಊರಿನ ಹಿರಿಯಾಕೆ ನಾರಾಯಣಮ್ಮ ಸಿದ್ದಬಸಪ್ಪನವರನ್ನು ತಡೆದು ನಿಲ್ಲಿಸಿದಳು. “ಬಂದು ಹೇಳಿದ್ದು ಒಳ್ಳೇದಾತು ಬಿಡಪ್ಪ. ಆದ್ರೆ ದೇವ್ರೇ ಹೊಂಟ್ಮ್ಯಾಲೆ ನಾವು ಕೂಗಾಡಿ ಏನು ಬಂತು ಅಂತ ಅರ್ಧ ಊರು ಇವತ್ತು ಬರ್ಲೇ ಇಲ್ಲ. ನೀನು ಆ ಕಾಗದ ಕೊಡ್ದೇ ಇದ್ದಿದ್ರೆ, ನಮ್ ಮಾತು ನಾವೇ ಆಡ್ತಿದ್ವಿ.”

ಗಣಿಯ ತೀರ್ಮಾನ ಇನ್ನೂ ಬಂದಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹತ್ತಿರವೂ ಯಾರಾದರೂ ಸಿಹಿ ಹಿಡಿದು ಬಂದಾರು. ನಿಮ್ಮ ಮನೆದೇವರ ಗುಡ್ಡಕ್ಕೋ ನಿಮ್ಮ ತಾತನ ಹೊಲಕ್ಕೋ ಸಹಿ ಕೇಳಿಯಾರು. ಸ್ವದೇಶದ ದುಡ್ಡಾಗಲಿ, ವಿದೇಶದ ದುಡ್ಡಾಗಲಿ, ಮೊದಲು ಅಲ್ಲಿ ಬದುಕುವವರಿಗೆ ಒಂದು ಫೋನ್ ಮಾಡಿ. ಕನ್ನಡದ ವರದಿ ಕೇಳಿ ಪಡೆದು ಓದಿ. ಅಹವಾಲು ಸಭೆ ಯಾವಾಗ ಎಂದು ವಿಚಾರಿಸಿ, ಆಕ್ಷೇಪಣೆಯನ್ನು ಬರೆದು ಕಳಿಸಿ. ಆಮೇಲೆ ನೋಡೋಣ ಎನ್ನಬೇಡಿ. ಕೊಟ್ಟ ಸಹಿಯನ್ನು ಹಿಂದಕ್ಕೆ ಪಡೆಯಬಹುದು, ಆ ದಿನ ಸಭೆಗೆ ಬಾರದೆ ಮನೆಯಲ್ಲೇ ಉಳಿದ ಅರ್ಧ ಊರನ್ನು ಯಾರೂ ಹಿಂದಕ್ಕೆ ಕರೆತರಲಾರರು.