ತೊಳೆಯಬಾರದ ಕಾಸು

ಗಂಡನ ಶಿವಗಣಾರಾಧನೆ ಮುಗಿದು, ನೆಂಟರ ಕೊನೆಯ ಚೀಲವೂ ಆಟೋ ಹತ್ತಿದ ಮೇಲೆ, ಮರುದಿನ ಮಾಮೂಲಿ ಬೆಳಗಾಯಿತು. ದಾಕ್ಷಾಯಿಣಿ ಒಲೆ ಒರೆಸಿದಳು. ಅಡುಗೆಗೆಂದು ಪಕ್ಕದ ಮನೆಯಿಂದ ತಂದಿದ್ದ ಎರಡು ಹಿತ್ತಾಳೆ ಕೊಳಗಗಳನ್ನು ಹುಣಸೆಹಣ್ಣು ಹಾಕಿ ಬೆಳಗಿದಳು. ಕೊಟ್ಟು ಬಂದಳು. "ಹಾಗೇ ಕೊಟ್ಟಿದ್ರೂ ಆಗ್ತಿತ್ತಲ್ಲ ತಾಯಿ, ಈ ಸ್ಥಿತೀಲಿ ಯಾಕೆ ಬೆಳಗೋಕೆ ಹೋದೆ," ಎಂದರು ಆ ಮನೆಯವರು. "ಎರವಲು ತಂದದ್ದು," ಎಂದಳು ಇವಳು, ಅಷ್ಟೇ.

ಆಮೇಲೆ ಗಂಡನ ಫೋನನ್ನು ಚಾರ್ಜಿಗೆ ಹಾಕಿದಳು. ಐದು ವರ್ಷದಿಂದ ದಿನಾ ಬೆಳಿಗ್ಗೆ ಅದು ಅವಳ ಕೆಲಸವಾಗಿತ್ತು. ಕೈ ತಾನಾಗಿ ಹಾಕಿತು.

ಫೋನಿಗೆ ಜೀವ ಬಂದು ಗುಂಯ್‌ಗುಟ್ಟತೊಡಗಿತು. ‘ಬೇಟೆ ಭಾನುವಾರ’ ಎಂಬ ನಾಣ್ಯ ಸಂಗ್ರಾಹಕರ ಗುಂಪು. ಹನ್ನೊಂದು ದಿನದ ಫೋಟೋಗಳು ಒಂದರ ಮೇಲೊಂದು ಬಿದ್ದವು. ಬೆಳ್ಳಿ ರೂಪಾಯಿ, ತೂತಿನ ಕಾಸು, ವಿಕ್ಟೋರಿಯಾ ರಾಣಿಯ ಕಾಲಾಣೆ. ‘ನಿನ್ನೆ ಬಲೆಗೆ ಬಿತ್ತು.’ ‘ಹೇಗಿದೆ ಹೇಳಿ?’ ಚಪ್ಪಾಳೆ, ಚಪ್ಪಾಳೆ. ನಡುವೆ ಅವಳ ಗಂಡ ಷಡಕ್ಷರಿಯ ಫೋಟೋ, ಅದಕ್ಕೆ ಮುಗಿದ ಹದಿನಾಲ್ಕು ಜೋಡಿ ಕೈ. ಅದರ ಕೆಳಗೆ ಮತ್ತೆ ಬೆಳ್ಳಿ ರೂಪಾಯಿ.

ಕಡೆಯದು ಗುಂಪಿನ ಅಧ್ಯಕ್ಷ ಜಯಸಿಂಹರದು. ಅದನ್ನು ಅವಳು ಗಟ್ಟಿಯಾಗಿ ಓದಿದಳು, ಬಸ್ಸಿನ ಬೋರ್ಡು ಓದುವ ಹಾಗೆ.

"ಷಡಕ್ಷರಿಯವರ ಆತ್ಮಕ್ಕೆ ಶಾಂತಿ ಸಿಗಲಿ. ಒಂದು ವಾರಕ್ಕೆಂದು ಅವರು ನನ್ನಿಂದ ಒಯ್ದ ಮಯಿಲಿ ಕಾಸು ತಿಂಗಳಾದರೂ ಬಂದಿಲ್ಲ. ಮನೆಯವರು ಹುಡುಕಿ ಕೊಡಬೇಕು. ಎಲ್ಲರ ಗಮನಕ್ಕೂ ಇರಲಿ."

ಅದಕ್ಕೆ ಯಾರೋ ಉತ್ತರಿಸಿದ್ದರು: "ಒಳ್ಳೆ ಮನುಷ್ಯ, ಪಾಪ. ಆದ್ರೂ ಅಂಥಾ ಕಾಸು ಕೈಗೆ ಬಂದ್ಮೇಲೆ ವಾಪಸ್ ಕೊಡೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ." ಪಕ್ಕದಲ್ಲಿ ನಗುವ ಮುಖ.

ದಾಕ್ಷಾಯಿಣಿ ಎದ್ದು, ಬಾಗಿಲ ಹಿಂದೆ ನೇತಾಡುತ್ತಿದ್ದ ಅಂಗಿಯ ಜೇಬಿಗೆ ಕೈ ಹಾಕಿದಳು. ಆಸ್ಪತ್ರೆಯಿಂದ ಬಂದ ಅಂಗಿ ಅದು. ಜೇಬಿನಲ್ಲಿ ಅಂಗೈಯಗಲದ ಒಂದು ಕಾಗದದ ಕವರು. ಅದರೊಳಗೆ ನಾನಿದ್ದೆ.

ನಾನು ಒಂದು ತಾಮ್ರದ ಕಾಸು. ಹೆಚ್ಚುಕಮ್ಮಿ ಇನ್ನೂರು ವರ್ಷದ ಹಿಂದೆ ಮೈಸೂರಿನ ಟಂಕಸಾಲೆಯಲ್ಲಿ ಹುಟ್ಟಿದೆ. ಒಂದು ಮುಖದಲ್ಲಿ ಆನೆ, ಮೇಲೆ ‘ಶ್ರೀ’, ಅಕ್ಕಪಕ್ಕ ಸೂರ್ಯ ಚಂದ್ರ. ಇನ್ನೊಂದು ಮುಖದಲ್ಲಿ ‘ಮಯಿಲಿ ಕಾಸು ೨೦’. ಅಚ್ಚು ಕೊರೆಯುವವನು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊರೆಯಬೇಕು. ಆಗ ಕಾಸಿನ ಮೇಲೆ ನೆಟ್ಟಗೆ ಮೂಡುತ್ತವೆ. ನನ್ನವನು ಅವತ್ತು ಮುದ್ದೆ ಉಂಡು ಕುಳಿತಿದ್ದ. ಕಣ್ಣು ಎಳೆಯುತ್ತಿತ್ತು. ‘ಸು’ ಒಂದನ್ನು ತಿರುಗಿಸದೆ ಕೊರೆದುಬಿಟ್ಟ. ಹಾಗಾಗಿ ನನ್ನ ಮೈಮೇಲೆ ‘ಸು’ ಬೆನ್ನು ತಿರುಗಿಸಿ ನಿಂತಿದೆ. ತಪ್ಪು ಗೊತ್ತಾದಾಗ ಅಚ್ಚು ಒಡೆದು, ಅದರಲ್ಲಿ ಹುಟ್ಟಿದ ಕಾಸುಗಳನ್ನೆಲ್ಲ ಮತ್ತೆ ಕುಲುಮೆಗೆ ಹಾಕಿದರು. ನಾನು ಆಗಲೇ ಯಾರದೋ ಸೊಂಟ ಸೇರಿ ಆಚೆ ಹೋಗಿದ್ದೆ.

ಆ ದಿನ ನಾನು ಹೊಳೆಯುತ್ತಿದ್ದೆ. ಕೆಂಪಗೆ, ಹೊಸ ಹಂಡೆಯ ಹಾಗೆ.

ಎಲೆ ಅಡಿಕೆ ಮಾರುವವಳ ಸಂಚಿಯಲ್ಲಿದ್ದೆ. ಸುಣ್ಣ ಮೆತ್ತಿದ ಹೆಬ್ಬೆರಳು ಅವಳದು. ಬಳೆಗಾರನ ಗಂಟಿನಲ್ಲಿದ್ದೆ. ನಾನು ಜನರನ್ನು ಮುಖ ನೋಡಿ ಗುರುತಿಸುವುದಿಲ್ಲ, ಹೆಬ್ಬೆರಳಿನಿಂದ ಗುರುತಿಸುತ್ತೇನೆ. ನನ್ನ ಚಲಾವಣೆ ನಿಂತ ಮೇಲೆ ಒಂದು ಮನೆಯಲ್ಲಿ ಕುಂಟುತ್ತಿದ್ದ ಮರದ ಪೆಟ್ಟಿಗೆಯ ಕಾಲಡಿ ಒತ್ತಾಗಿ ನನ್ನನ್ನು ಇಟ್ಟರು. ಅಲ್ಲಿ ನೂರು ವರ್ಷ. ಆ ಮನೆಗೆ ಬಂದ ಮೂವರು ಸೊಸೆಯರ ಕಾಲುಂಗುರ ಬಲ್ಲೆ, ಅವರ ಮುಖ ಅರಿಯೆ. ಆ ಕತ್ತಲಲ್ಲಿ, ಆ ಭಾರದಡಿ, ನನ್ನ ಮೈಗೆ ಹುರಿದ ಕಾಫಿ ಬೀಜದ ಬಣ್ಣ ಬಂತು. ನಿಧಾನಕ್ಕೆ ಬಂದದ್ದು. ಯಾರೂ ಕೊಟ್ಟದ್ದಲ್ಲ.

ಮನೆ ಕೆಡವಿದರು. ನಾನು ಮುರುಕು ನಲ್ಲಿಗಳ ಜೊತೆ ಗುಜರಿ ಅಂಗಡಿ ಸೇರಿದೆ. ಅಲ್ಲಿ ಒಂದು ಶನಿವಾರ ಸೀಮೆಸುಣ್ಣದ ಪುಡಿ ಹತ್ತಿದ ಹೆಬ್ಬೆರಳೊಂದು ನನ್ನನ್ನು ಎತ್ತಿತು. ಹೈಸ್ಕೂಲಿನ ಕನ್ನಡ ಮೇಷ್ಟರು ಷಡಕ್ಷರಿ. ಬೆಳಕಿಗೆ ಹಿಡಿದು ಗೊಳ್ಳೆಂದು ನಕ್ಕರು.

"ಓಹೋ! ಅಕ್ಷರ ತಿರುಗಿಸಿ ಬರೆಯೋ ನಮ್ಮ ಎಂಟನೇ ಕ್ಲಾಸಿನವನು ಆ ಕಾಲದಲ್ಲೂ ಇದ್ನಾ!"

ಮನೆಯಲ್ಲಿ ಹೆಂಡತಿಗೆ ತೋರಿಸಿದರು. ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಹುಬ್ಬು ಏರಿಸಿದಳು.

"ರೀ, ಒಂದು ಸಲ ಹುಣಸೆಹಣ್ಣು ಹಾಕಿ ಉಜ್ಜಲಾ?"

ಮೇಷ್ಟರು ನನ್ನನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು. "ನಿನ್ನ ಕಾಲಿಗೆ ಬೀಳ್ತೀನಿ ದಾಕ್ಷಿ. ಮದುವೆಯಾದ ವರ್ಷ ಒಂದನ್ನ ಬೆಳಗಿ ದೀಪದ ಪಕ್ಕ ಇಟ್ಟಿದ್ದೆಯಲ್ಲ, ಸಾಕು."

"ಬರೀ ಆಕ್ಸೈಡು ಅದು."

"ನಿನಗೆ ಆಕ್ಸೈಡು. ನಮಗೆ ಅದೇ ವಯಸ್ಸು. ತೊಳೆದ ಕಾಸನ್ನ ನಮ್ಮ ಗುಂಪಲ್ಲಿ ಯಾರೂ ಮುಟ್ಟಲ್ಲ. ಮೊನ್ನೆ ಎರಕ ಹೊಯ್ದ ನಕಲಿ ಹಾಗೆ ಕಾಣುತ್ತೆ."

ತಮ್ಮ ಹೆಸರನ್ನೂ ನನ್ನ ವಿವರವನ್ನೂ ಬರೆದ ಒಂದು ಕವರಿನಲ್ಲಿ ನನ್ನನ್ನು ಹಾಕಿ ಜಯಸಿಂಹರ ಮನೆಗೆ ಒಯ್ದರು. ಜಯಸಿಂಹರೆಂದರೆ ಅವರಿಗೆ ಗುರು. ಊರಿನ ಸಂಗ್ರಾಹಕರೆಲ್ಲ ಅವರ ಮಾತು ಕೇಳಿಯೇ ಅಸಲಿ ನಕಲಿ ತೀರ್ಮಾನಿಸುತ್ತಿದ್ದರು. ತೀರ್ಪನ್ನು ಕವರಿನ ಮೇಲೆ ಬರೆದು, ತಾರೀಖು ಹಾಕಿ, ರುಜು ಮಾಡುವುದು ಅವರ ವಾಡಿಕೆ. ಗಂಧದ ಸೋಪಿನ ವಾಸನೆಯ ಮೆತ್ತನೆ ಹೆಬ್ಬೆರಳು ಅವರದು. ‘ಸು’ವಿನ ಮೇಲೆ ಅದು ನಿಂತಿತು. ಬೆವೆತಿತು.

"ಎರಕ ಕಣಯ್ಯಾ," ಎಂದರು. "ನಕಲಿ. ಅಕ್ಷರ ತಪ್ಪಿರೋದು ನೋಡಿದ್ರೇನೇ ಗೊತ್ತಾಗಲ್ವೇ? ಕನ್ನಡ ಮೇಷ್ಟ್ರು ನೀನು!"

ಕವರಿನ ಮೇಲೆ ಬರೆದರು: ‘ನಕಲಿ. ಎರಕದ್ದು. ಬೆಲೆಯಿಲ್ಲ.’ ತಾರೀಖು. ರುಜು. ಕೈಗೆ ವಾಡಿಕೆಯಾಗಿತ್ತು, ಬರೆದುಬಿಟ್ಟಿತು.

"ಇನ್ಯಾರೂ ಮೋಸ ಹೋಗೋದು ಬೇಡ. ನನ್ನ ನಕಲಿ ಡಬ್ಬೀಲಿ ಬಿದ್ದಿರಲಿ ಬಿಡು."

ಮೇಷ್ಟರು ನನ್ನನ್ನು ಬಿಟ್ಟು ಹೋದರು. ಖಾಲಿ ಕವರನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಕಾಗದ ಎಸೆಯುವ ಮನುಷ್ಯರಲ್ಲ. ಜಯಸಿಂಹರು ನನ್ನನ್ನು ನಕಲಿಗಳ ಡಬ್ಬಿಗೆ ಹಾಕಲಿಲ್ಲ. ಹತ್ತಿಯಲ್ಲಿ ಸುತ್ತಿ ಬೀರುವಿಗಿಟ್ಟರು.

ನಾನು ಇನ್ನೂರು ವರ್ಷ ಬಾಳಿದವನು. ಸಂಚಿಯಲ್ಲಿ, ಗಂಟಿನಲ್ಲಿ, ಪೆಟ್ಟಿಗೆಯ ಕಾಲಡಿಯಲ್ಲಿ ಯಾರೂ ನನ್ನನ್ನು ಸುಳ್ಳು ಎಂದಿರಲಿಲ್ಲ. ಅವತ್ತಿನಿಂದ ಆ ಮಾತು ಸುಳ್ಳಾಗುವ ದಿನಕ್ಕೆ ನಾನು ಕಾಯುತ್ತಿದ್ದೆ.

ಮೂರು ತಿಂಗಳಾಯಿತು. ತಿಂಗಳ ಎರಡನೇ ಭಾನುವಾರ ಹೋಟೆಲೊಂದರ ಮಹಡಿಯಲ್ಲಿ ಬೇಟೆ ಭಾನುವಾರ ಸೇರುತ್ತದೆ. ಕೆಂಪು ಮಖಮಲ್ಲು ಹಾಸಿದ ತಟ್ಟೆ ಸುತ್ತು ಬರುತ್ತದೆ. ಹೊಸದಾಗಿ ಕೊಂಡದ್ದನ್ನು ಒಬ್ಬೊಬ್ಬರೂ ಅದರ ಮೇಲಿಟ್ಟು ಕಥೆ ಹೇಳಬೇಕು. ಬಸ್ ಕಂಡಕ್ಟರಾಗಿ ನಿವೃತ್ತರಾದ ಪುಟ್ಟಸ್ವಾಮಯ್ಯ ಎರಡು ತೂತಿನ ಕಾಸು ಇಟ್ಟರು.

"ನೋಡ್ರಪ್ಪಾ," ಎಂದರು ವಾಚು ರಿಪೇರಿಯ ಇಸ್ಮಾಯಿಲ್ ಸಾಹೇಬರು, "ಮೂವತ್ತು ವರ್ಷ ಚಿಲ್ಲರೆ ಇಲ್ಲ ಇಳೀರಿ ಅಂತಿದ್ದೋರು ಎಲ್ಲಾ ಚಿಲ್ಲರೆ ಮನೇಲಿಟ್ಕೊಂಡಿದ್ರು!"

ಎಲ್ಲರೂ ನಕ್ಕರು. ಆಮೇಲೆ ಜಯಸಿಂಹರು ನನ್ನನ್ನು ಇಟ್ಟರು. "ನಂಜನಗೂಡಿನ ಹಳೇ ಮನೆತನದಿಂದ ಕೊಂಡೆ. ‘ಸು’ ನೋಡಿ. ಇಂಥದ್ದು ಇದೊಂದೇ."

ನಗು ನಿಂತಿತು. ಇಸ್ಮಾಯಿಲ್ ಸಾಹೇಬರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನನ್ನನ್ನು ತುಂಬ ಹೊತ್ತು ನೋಡಿದರು. ತಟ್ಟೆ ಷಡಕ್ಷರಿಯ ಹತ್ತಿರ ಬಂತು. ಸೀಮೆಸುಣ್ಣದ ಹೆಬ್ಬೆರಳು ನನ್ನನ್ನು ಮುಟ್ಟಿ ತಣ್ಣಗಾಯಿತು.

"ಸರ್," ಎಂದರು ಮೇಷ್ಟರು. "ಒಂದು ವಾರ ಎರವಲು ಕೊಡ್ತೀರಾ? ಇದರ ಮೇಲೆ ಲೇಖನ ಬರೀತೀನಿ."

ಅಷ್ಟು ಜನರ ಮುಂದೆ ಜಯಸಿಂಹರಿಗೆ ಇಲ್ಲವೆನ್ನಲಾಗಲಿಲ್ಲ.

ಮನೆಗೆ ಬಂದು ನನ್ನನ್ನು ಅದೇ ಹಳೆಯ ಕವರಿಗೆ ಹಾಕಿ, ಹೆಂಡತಿಗೆ ಎಲ್ಲ ಹೇಳಿದರು.

"ಇಟ್ಕೊಂಡುಬಿಡಿ," ಎಂದಳು ದಾಕ್ಷಾಯಿಣಿ. "ನಿಮ್ಮದೇ."

"ಎರವಲು ಅಂತ ಬಾಯಿಬಿಟ್ಟು ಕೇಳಿ ತಂದಿದೀನಿ. ವಾಪಸ್ ಕೊಡ್ತೀನಿ. ಎಲ್ಲಿ ಸಿಕ್ತು, ಯಾರ ಕೈಗೆ ಹೇಗೆ ಹೋಯ್ತು ಅಂತ ಲೇಖನದಲ್ಲಿ ಬರೆದರೆ ಸಾಕು. ಓದಿದೋರಿಗೆ ಗೊತ್ತಾಗುತ್ತೆ."

ಮೂರನೇ ದಿನ ಜ್ವರ ಬಂತು. ಡೆಂಗ್ಯೂ ಎಂದರು. ಆಸ್ಪತ್ರೆಗೆ ಹೋಗುವಾಗಲೂ ನಾನು ಅಂಗಿಯ ಜೇಬಿನಲ್ಲಿದ್ದೆ. ಎರಡು ದಿನದಲ್ಲಿ ಬಿಡುತ್ತಾರೆ, ಬರುವ ದಾರಿಯಲ್ಲಿ ಕೊಟ್ಟು ಬರೋಣ ಎಂದಿದ್ದರು. ಅಂಗಿ ಮಂಚದ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಎರಡು ವಾರವಾದರೂ ಬಿಡಲಿಲ್ಲ. ಒಂದು ಮಧ್ಯಾಹ್ನ ಫೋನು ಬಂತು. ಆಚೆಯ ದನಿ ನನಗೂ ಕೇಳಿತು. "ಆಸ್ಪತ್ರೆ ಸರಿ ಷಡಕ್ಷರಿ, ನನ್ನ ಕಾಸೆಲ್ಲಿ?"

"ಕೊಡ್ತೀನಿ ಸರ್," ಎಂದರು ಮೇಷ್ಟರು. ಉಸಿರು ಸಾಲುತ್ತಿರಲಿಲ್ಲ. "ಖಂಡಿತ ಕೊಡ್ತೀನಿ ಸರ್. ಕೊಡ್ತೀನಿ."

ಅಷ್ಟರಲ್ಲಿ ನರ್ಸುಗಳು ಬಂದು ಮಂಚವನ್ನು ತೀವ್ರ ನಿಗಾ ಘಟಕಕ್ಕೆ ತಳ್ಳಿಕೊಂಡು ಹೋದರು. ಆಮೇಲೆ ಮೇಷ್ಟರು ಯಾರ ಜೊತೆಯೂ ಮಾತಾಡಲಿಲ್ಲ. ಕೊನೆಯ ಮಾತು ಆ ಮನುಷ್ಯನ ಪಾಲಾಯಿತು. ಹೆಂಡತಿ ಎಳನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಈಗ ಆ ಮಾಮೂಲಿ ಬೆಳಗಿಗೆ ಮರಳುತ್ತೇನೆ. ದಾಕ್ಷಾಯಿಣಿ ಕವರಿನ ಬರಹ ಓದಿದಳು. ಮೇಷ್ಟರ ಲೇಖನ ಹುಡುಕಿ ತೆಗೆದಳು. ಅಚ್ಚು ಕೊರೆಯುವವನ ಬಗ್ಗೆ ಎರಡು ಪುಟ, ತಿರುಗಿದ ‘ಸು’ ಬಗ್ಗೆ ಒಂದು. ನಾಲ್ಕನೆಯ ಪುಟದಲ್ಲಿ ಒಂದೇ ಸಾಲು: ‘ಈ ಕಾಸು ನನಗೆ ಸಿಕ್ಕಿದ್ದು’. ಮುಂದೆ ಏನೂ ಇಲ್ಲ.

ಅವಳು ಅಳಲಿಲ್ಲ. ಫೋನಿನಲ್ಲಿ ಒಂದು ಸಾಲು ಬರೆದಳು: ‘ಭಾನುವಾರ ನಾನೇ ತಂದು ಕೊಡುತ್ತೇನೆ.’

ಭಾನುವಾರ ಬೆಳಿಗ್ಗೆ ಬಟ್ಟಲಲ್ಲಿ ಹುಣಸೆಹಣ್ಣು ನೆನೆಸಿದಳು. ಉಪ್ಪು ಹಾಕಿದಳು. ನನ್ನನ್ನು ಅಂಗೈ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ಏನು ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನಗೂ ಗೊತ್ತಿತ್ತು. ಆಮೇಲೆ ಉಜ್ಜಿದಳು. ಆನೆಯ ಬೆನ್ನು, ಸೂರ್ಯ, ಚಂದ್ರ, ಒಂದೊಂದು ಅಕ್ಷರದ ಸಂದು. ಉರಿಯಿತು. ಪೆಟ್ಟಿಗೆಯ ಕಾಲಡಿಯ ನೂರು ವರ್ಷ ಕಂದು ನೀರಾಗಿ ಬಚ್ಚಲಿಗೆ ಹೋಯಿತು. ಕಾಲು ಗಂಟೆ ಸಾಕಾಯಿತು. ಗಂಡನ ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಅದೇ ಕವರಿಗೆ ಹಾಕಿದಳು.

ಮಹಡಿಯ ಮೇಲೆ ಎಲ್ಲರೂ ಎದ್ದು ನಿಂತರು. ಜಯಸಿಂಹರು ಕುರ್ಚಿ ಎಳೆದು ಕೊಟ್ಟರು. "ಬಾಮ್ಮ, ಕೂತ್ಕೋ. ನೀನಾಗಿ ತಂದೆಯಲ್ಲ, ದೊಡ್ಡ ಮನಸ್ಸು. ಪಾಪ, ಅವನಿಗೂ ಕೊಡಬಾರದು ಅಂತೇನೂ ಇರಲಿಕ್ಕಿಲ್ಲ."

ಅವಳು ಕೂರಲಿಲ್ಲ. ನನ್ನನ್ನು ಮಖಮಲ್ಲಿನ ಮೇಲಿಟ್ಟಳು.

ಮಹಡಿಯ ಕಿಟಕಿಯ ಬಿಸಿಲು ನನ್ನ ಮೇಲೆ ಬಿತ್ತು. ಯಾರೋ "ಅಯ್ಯಯ್ಯೋ" ಎಂದರು. ಜಯಸಿಂಹರು ನನ್ನನ್ನು ಕಿತ್ತುಕೊಂಡರು, ತಿರುಗಿಸಿದರು, ಮತ್ತೆ ತಿರುಗಿಸಿದರು.

"ಏನಮ್ಮಾ ಮಾಡಿದೆ! ಯಾರು ತೊಳೆದದ್ದು ಇದನ್ನ?"

"ನಾನೇ ಸರ್. ಎರವಲು ತಂದದ್ದನ್ನ ತೊಳೆದು ಕೊಡೋದು ನಮ್ಮನೆ ರೂಢಿ."

"ಇದೇನು ಕೊಳಗಾನಾ? ಇನ್ನೂರು ವರ್ಷದ ಬಣ್ಣ ಕಣೇ! ಅಪ್ಪಟ ಟಂಕಸಾಲೆ ಕಾಸು! ನಾನು ಮೊದಲ ಸಲ ಕೈಯಲ್ಲಿ ಹಿಡಿದಾಗಲೇ ನನಗೆ ಗೊತ್ತಾಗಿತ್ತು!"

"ಆಗಲೇ ಗೊತ್ತಿತ್ತಾ ಸರ್?" ಎಂದಳು ದಾಕ್ಷಾಯಿಣಿ. ದನಿ ಏರಲಿಲ್ಲ. ಕವರನ್ನು ಇಸ್ಮಾಯಿಲ್ ಸಾಹೇಬರ ಮುಂದೆ ಇಟ್ಟಳು. "ಹಾಗಾದ್ರೆ ಇದನ್ನ ಯಾಕೆ ಬರೆದಿರಿ?"

ಸಾಹೇಬರು ಮಸೂರ ಸಿಕ್ಕಿಸಿಕೊಂಡರು. ಬೇಕಿರಲಿಲ್ಲ, ಅಕ್ಷರ ದಪ್ಪಗಿತ್ತು. "ಷಡಕ್ಷರಿ, ಮಯಿಲಿ ಕಾಸು, ಸು ತಿರುಗಿದೆ. ಇದು ಮೇಷ್ಟ್ರ ಬರಹ. ಕೆಳಗೆ... ನಕಲಿ. ಎರಕದ್ದು. ಬೆಲೆಯಿಲ್ಲ." ತಲೆ ಎತ್ತಿದರು. "ನಿಮ್ಮ ರುಜು ಸಾರ್. ನೀವು ನಂಜನಗೂಡಲ್ಲಿ ಕೊಂಡೆ ಅಂದಿದ್ದಕ್ಕಿಂತ ಮೂರು ತಿಂಗಳು ಹಿಂದಿನ ತಾರೀಖು."

ಜಯಸಿಂಹರ ಹೆಬ್ಬೆರಳು ನನ್ನ ಮೇಲೆಯೇ ಇತ್ತು. ಅದೇ ಬೆವರು.

"ನಕಲಿ ಆದ್ರೆ ನಾನು ಏನೂ ಹಾಳು ಮಾಡಿಲ್ಲ ಸರ್," ಎಂದಳು ದಾಕ್ಷಾಯಿಣಿ. "ಅಸಲಿ ಆದ್ರೆ ಹಾಗಂತ ಹೇಳಿ. ಎಲ್ಲರೂ ಇದಾರೆ."

ಅವರು ನನ್ನನ್ನು ಮೆಲ್ಲಗೆ ತಟ್ಟೆಗೆ ಬಿಟ್ಟರು.

ಪುಟ್ಟಸ್ವಾಮಯ್ಯ ಅವತ್ತು ತಾವು ಇಟ್ಟಿದ್ದ ಕಾಸುಗಳನ್ನು ತಟ್ಟೆಯಿಂದ ಎತ್ತಿ ಜೇಬಿಗೆ ಹಾಕಿಕೊಂಡರು. "ಟಿಕೆಟ್ ಇಲ್ಲದೆ ಹತ್ತಿದೋರು ಯಾರು ಅಂತ ಈಗ ಗೊತ್ತಾಯ್ತು," ಎಂದರು. "ನಾವು ಮೇಷ್ಟ್ರನ್ನ ಇಳಿಸಿಬಿಟ್ಟಿದ್ವಿ."

"ಗುಂಪಿನಲ್ಲಿ ಹಾಕಿ ಸರ್," ಎಂದಳು ದಾಕ್ಷಾಯಿಣಿ. "ಕಾಸು ಬಂತು ಅಂತ. ಎಲ್ಲರ ಗಮನಕ್ಕೂ ಇರಲಿ."

ಜಯಸಿಂಹರು ಸುತ್ತ ನೋಡಿದರು. ಹದಿನಾಲ್ಕು ಜನ ಕಾಯುತ್ತಿದ್ದರು. ಅವರು ಫೋನು ತೆಗೆದು, ಒಂದೊಂದೇ ಅಕ್ಷರ ಒತ್ತಿದರು. ದಾಕ್ಷಾಯಿಣಿಯ ಚೀಲದೊಳಗೆ ಷಡಕ್ಷರಿಯ ಫೋನು ಗುಂಯ್ ಎಂದಿತು. ಅವಳು ತೆಗೆದು ಓದಿದಳು. ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲಿಳಿದು ಹೋದಳು.

ನಾನು ಮಖಮಲ್ಲಿನ ಮೇಲೆ ಉಳಿದೆ. ಕೆಂಪಗೆ, ಹುಟ್ಟಿದ ದಿನದ ಹಾಗೆ. ಯಾರೂ ಕೈ ಚಾಚಲಿಲ್ಲ. ಇನ್ನು ಚಾಚುವುದೂ ಇಲ್ಲ. ವಯಸ್ಸು ಕಳೆದುಕೊಂಡ ಮುದುಕ ನಾನು. ನಾನೇ ಹೇಳಿದರೂ ನನ್ನ ಇನ್ನೂರು ವರ್ಷವನ್ನು ಯಾರು ನಂಬುತ್ತಾರೆ? ದುಃಖವಿದೆ. ಪಶ್ಚಾತ್ತಾಪವಿಲ್ಲ.

ಹುಣಸೆಹುಳಿಗೂ ಹೋಗದೆ ಉಳಿದ ನನ್ನ ಗುರುತು ಆ ‘ಸು’ ಒಂದೇ. ಜಯಸಿಂಹರು ನನ್ನನ್ನು ಎಲ್ಲೇ ಬಚ್ಚಿಟ್ಟುಕೊಳ್ಳಲಿ, ಎಷ್ಟು ಸಲವಾದರೂ ತೆಗೆದು ನೋಡಲಿ, ಅದು ಅವರಿಗೆ ಬೆನ್ನು ತಿರುಗಿಸಿಯೇ ನಿಂತಿರುತ್ತದೆ.